ಭಂಡಾರ ಮುಟ್ಟದ ಕೈ

ನಮ್ಮ ಮನೆಯವರಷ್ಟು ಆಣೆ ಮಾಡಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇನ್ನು ಮೇಲೆ ಕುಡಿಯುವುದಿಲ್ಲ ಅಂತ ಟಿಕೋಟಾದಲ್ಲಿ ತಮ್ಮ ತಾಯಿಯ ಕಾಲು ಮುಟ್ಟಿ ಆಣೆ ಮಾಡಿದ್ದರು. ಬಬಲೇಶ್ವರದಲ್ಲಿ ನನ್ನ ತವರುಮನೆಯ ಪಡಸಾಲೆಯಲ್ಲಿ, ನಮ್ಮಪ್ಪನ ಎದುರಿಗೆ, ದೇವರ ಭಂಡಾರ ಹಿಡಿದು ಆಣೆ ಮಾಡಿದ್ದರು. ಹಚ್ಚಿದ ದೀಪದ ಮೇಲೆ, ತಾಟಿನೊಳಗಿನ ರೊಟ್ಟಿಯ ಮೇಲೆ, ಲಾರಿಯ ಸ್ಟೇರಿಂಗ್ ಮೇಲೆ, ಕಡೆಗೆ ನಮ್ಮ ಮಗಳ ತಲೆಯ ಮೇಲೂ ಕೈಯಿಟ್ಟಿದ್ದರು. ಪ್ರತಿ ಸಲವೂ ಕಣ್ಣಲ್ಲಿ ನೀರು. ಅದು ನಾಟಕವಾಗಿರಲಿಲ್ಲ, ಆಣೆ ಮಾಡುವ ಹೊತ್ತಿಗೆ ಅವರಿಗೆ ಅದು ನಿಜವೇ ಆಗಿರುತ್ತಿತ್ತು. ಆದರೆ ಹುಣ್ಣಿಮೆ ಹೋಗಿ ಅಮಾವಾಸ್ಯೆ ಬರುವುದರೊಳಗೆ ಮತ್ತೆ ಅದೇ ವಾಸನೆ, ಅದೇ ಕೆಂಪು ಕಣ್ಣು.

ಭಂಡಾರ ಅಂದರೆ ದೇವರ ಮುಂದೆ ಇಟ್ಟ ಅರಿಷಿಣದ ಪುಡಿ. ನಮ್ಮ ಕಡೆ ಅದನ್ನು ಮುಷ್ಟಿಯಲ್ಲಿ ಹಿಡಿದು ಒಂದು ಮಾತು ಹೇಳಿದರೆ ಮುಗಿಯಿತು, ಮುಂದೆ ಪಂಚರೂ ಕೇಳುವುದಿಲ್ಲ, ಪೊಲೀಸರೂ ಕೇಳುವುದಿಲ್ಲ. ಸುಳ್ಳು ಹೇಳಿ ಭಂಡಾರ ಹಿಡಿದವನ ಮನೆತನ ಉಳಿಯುವುದಿಲ್ಲ ಅಂತ ಎಲ್ಲರ ನಂಬಿಕೆ. ನಮ್ಮ ಮನೆತನ ಮಾತ್ರ ಹೇಗೋ ಉಳಿದುಕೊಂಡು ಬಂದಿತ್ತು. ದೇವರಿಗೂ ಇವರ ಆಣೆ ಕೇಳಿ ಕೇಳಿ ಸಾಕಾಗಿರಬೇಕು ಅಂತ ನಾನು ಅಂದುಕೊಳ್ಳುತ್ತಿದ್ದೆ.

ನಾನು ಹೇಳುತ್ತಿರುವುದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಈಗಿನ ವಿಜಯಪುರಕ್ಕೆ ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಸಮೀಪ, ಎರಡು ಕೋಣೆಯ ಮನೆಯಲ್ಲಿ ನಾವಿದ್ದೆವು. ನಮ್ಮ ಮನೆಯವರು ಸೊಲ್ಲಾಪುರ ರಸ್ತೆಯ ಒಬ್ಬ ಅಡತಿ ವ್ಯಾಪಾರಿಯ ಲಾರಿ ಹೊಡೆಯುತ್ತಿದ್ದರು. ಜಿಲ್ಲೆಯಲ್ಲಿ ದಾರೂಬಂದಿ ಜಾರಿಯಲ್ಲಿತ್ತು, ಅಂಗಡಿಯಲ್ಲಿ ಶೆರೆ ಸಿಗುತ್ತಿರಲಿಲ್ಲ. ಅಂಗಡಿ ಮುಚ್ಚಿದರೆ ಕುಡಿಯುವವರ ಬಾಯಿ ಮುಚ್ಚುತ್ತದೆ ಅಂತ ಕಾನೂನು ಮಾಡಿದವರು ತಿಳಿದಿದ್ದರೇನೋ. ಹಳ್ಳದ ದಂಡೆಯ ಗುಡಿಸಲುಗಳಲ್ಲಿ ಕದ್ದು ಕಾಸಿದ ಹಾತಭಟ್ಟಿ ಬೇಕಾದಷ್ಟು ಸಿಗುತ್ತಿತ್ತು. ಔಷಧದ ಅಂಗಡಿಯಿಂದ ಟಿಂಚರ್ ತಂದು ಕುಡಿಯುವವರೂ ಇದ್ದರು. ಹಿಡಿದರೆ ಎಲ್ಲರೂ ಹೇಳುವುದು ಒಂದೇ ಮಾತು, ಔಷಧ ತಗೊಂಡೀನ್ರಿ ಅಂತ. ಈ ಮಾತು ಮುಂದೆ ನಮಗೇ ಮುಳುವಾಯಿತು.

ಆ ಸಂಜೆ ಅವರು ಟಿಕೋಟಾದಿಂದ ಶೇಂಗಾ ತುಂಬಿಕೊಂಡು ಬರುತ್ತಿದ್ದರು. ದಾರಿಯಲ್ಲಿ ಲಾರಿ ನಿಲ್ಲಿಸಿ ಹಳ್ಳದ ಗುಡಿಸಲಿಗೆ ಇಳಿದು, ಕುಡಿದು ಹತ್ತಿದ್ದರು. ಊರು ಇನ್ನೇನು ಬಂತು ಅನ್ನುವಲ್ಲಿ ಎದುರಿಗೆ ಬಂದ ಟಾಂಗಾಕ್ಕೆ ಲಾರಿ ಬಡಿಯಿತು. ಟಾಂಗಾದಲ್ಲಿ ಸವಾರಿಯ ಜನ ಇರಲಿಲ್ಲ, ಅದೊಂದು ಪುಣ್ಯ. ಹೊಡೆಯುತ್ತಿದ್ದವರು ನಮ್ಮ ಓಣಿಯವರೇ, ವಯಸ್ಸಾದ ಮುಸಲ್ಮಾನರು, ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಚಾಚಾ. ಅವರ ಬಲಗಾಲು ಎರಡು ಕಡೆ ಮುರಿಯಿತು. ಟಾಂಗಾದ ಮೂಕಿ ಮುರಿದು, ಕುದುರೆ ಹರಿದ ಲಗಾಮಿನೊಂದಿಗೆ ಓಡಿ ಬಂದು ಚಾಚಾನ ಮನೆಯ ಬಾಗಿಲಲ್ಲಿ ನಿಂತಿತು. ಸುದ್ದಿ ಬರುವ ಮೊದಲು ಕುದುರೆ ಬಂದಿತ್ತು. ಚಾಚಿ ಬಾಯಿ ಬಡಿದುಕೊಳ್ಳುವುದು ಕೇಳಿ ನಾನು ಓಡಿಹೋದೆ. ಲಾರಿ ಯಾರದು ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಚಾಚಿಯ ಹೆಗಲ ಮೇಲಿದ್ದ ನನ್ನ ಕೈ ತೆಗೆಯಬೇಕೋ ಇಡಬೇಕೋ ತಿಳಿಯಲಿಲ್ಲ.

ಕೋರ್ಟಿನಲ್ಲಿ ನಮ್ಮ ಮನೆಯವರು ತಪ್ಪು ಒಪ್ಪಿಕೊಂಡರು. ಜೈಲು ಖಾಯಂ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಚಾಚಾ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೇ, ಇಬ್ಬರ ಹೆಗಲ ಮೇಲೆ ಬಂದು ಸಾಕ್ಷಿ ಹೇಳಿದರು.

"ಸಾಹೇಬ್ರ, ಇವನ್ನ ಒಳಗ ಹಾಕಿದ್ರ ನನ್ನ ಕಾಲು ಕೂಡತೈತೇನ್ರಿ? ಮನ್ಯಾಗ ಇರೂದು ಎಲ್ಲಾ ಹೆಣ್ಣಮಕ್ಕಳು. ಟಾಂಗಾ ಯಾರು ಹೊಡೀಬೇಕು, ಕುದರಿಗಿ ಹುಲ್ಲು ಯಾರು ಹಾಕಬೇಕು? ಕಾಲು ಮುರದವ ಇವ, ಟಾಂಗಾನೂ ಇವನ ಹೊಡೀಲಿ. ನನ್ನ ಕಾಲು ನೆಟ್ಟಗಾಗೂತನಕ."

ಮ್ಯಾಜಿಸ್ಟ್ರೇಟರು ಅವರ ಮಾತನ್ನೆಲ್ಲ ಬರೆದುಕೊಂಡರು. ಆಮೇಲೆ ಶಿಕ್ಷೆ ಹೇಳಿ, ಅದನ್ನು ತಡೆಹಿಡಿದು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಒಂದು ವರ್ಷ ಮೋಟಾರು ಮುಟ್ಟುವ ಹಾಗಿಲ್ಲ. ಚಾಚಾನ ಟಾಂಗಾ ಹೊಡೆಯಬೇಕು. ಪ್ರತಿ ಸೋಮವಾರ ಒಬ್ಬ ಸರ್ಕಾರಿ ಅಧಿಕಾರಿಯ ಮುಂದೆ ಹಾಜರಾಗಬೇಕು. ದವಾಖಾನೆಯ ಡಾಕ್ಟರ ಕೈಯಲ್ಲಿ ಕುಡಿತ ಬಿಡುವ ಚಿಕಿತ್ಸೆ ತೆಗೆದುಕೊಳ್ಳಬೇಕು. ವರ್ಷದೊಳಗೆ ಒಂದು ತೊಟ್ಟು ಕುಡಿದದ್ದು ಗೊತ್ತಾದರೂ ಸೀದಾ ಜೈಲು, ಮತ್ತೆ ವಿಚಾರಣೆ ಇಲ್ಲ.

ಡಾಕ್ಟರು ಹರೆಯದವರು, ಆಗಷ್ಟೇ ವಿಜಾಪುರಕ್ಕೆ ಬಂದಿದ್ದರು. ಮುಂಬಯಿಯಿಂದ ತರಿಸಿದ ಬಿಳಿ ಗುಳಿಗೆಗಳನ್ನು ತೋರಿಸಿ ನಮ್ಮ ಮೂವರಿಗೂ, ಅಂದರೆ ನನಗೆ, ಇವರಿಗೆ, ಚಾಚಾಗೆ, ತಿಳಿಸಿ ಹೇಳಿದರು. "ಈ ಗುಳಿಗಿ ದಿನಾ ಮುಂಜಾನೆ. ಇದು ಮೈಯಾಗ ಇರೂತನಕ ಒಂದು ಗುಟುಕು ಶೆರೆ ಬಿದ್ರೂ ಮಾರಿ ಕೆಂಪಾಗತದ, ಎದಿ ಬಡಕೋತದ, ವಾಂತಿ ಆಗತದ. ಜೀವಕ್ಕ ಧೋಕಾನೂ ಅದ. ಆದ್ರ ಒಂದು ಮಾತು, ಗುಳಿಗಿ ಮನಿಯವರ ಕೈಯಾಗ ಬ್ಯಾಡ. ಹೆಂಡತಿಗೆ ಒಮ್ಮೆ ಕರುಣೆ ಬರತದ, ಒಮ್ಮೆ ಸಿಟ್ಟು ಬರತದ. ಎರಡೂ ಈ ಕೆಲಸಕ್ಕ ಬರೂದಿಲ್ಲ. ಹೊರಗಿನವರು ಯಾರರೆ ಕಣ್ಣಮುಂದ ಕುಡಿಸಬೇಕು."

ನನಗೆ ಮೈ ಉರಿಯಿತು. ಇಷ್ಟು ವರ್ಷ ಇವರ ವಾಂತಿ ಬಳಿದವಳು ನಾನು, ಕರುಣೆಯಂತೆ! ಆ ಡಾಕ್ಟರಿಗೆ ಇನ್ನೂ ಮದುವೆಯಾಗಿರಲಿಲ್ಲ. ಮದುವೆಯಾಗದವರು ಹೆಂಡತಿಯರ ವಿಷಯ ಬಹಳ ತಿಳಿದಿರುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಚಾಚಾ ಅಂದರು, "ನಾ ಕುಡಿಸ್ತೀನ್ರಿ. ನಸುಕಿನ್ಯಾಗ ಕುದರಿ ಕಟ್ಟಾಕ ಬರತಾನಲ್ಲ, ಮೊದಲ ಗುಳಿಗಿ, ಆಮ್ಯಾಲ ಕುದರಿ."

ಮನೆಗೆ ಬಂದದ್ದೇ ಇವರು ಮಗಳನ್ನು ಹತ್ತಿರ ಕರೆದರು. ಕೈ ಮೇಲೆ ಹೋಗುತ್ತಿರುವುದು ಕಂಡೇ ನನಗೆ ಗೊತ್ತಾಯಿತು. ಅವಳ ತಲೆಯ ಮೇಲೆ ಇಳಿಯುವ ಮೊದಲೇ ಆ ಕೈಯನ್ನು ಹಿಡಿದುಕೊಂಡೆ.

"ಸಾಕು ಮಾಡ್ರಿ. ನಿಮ್ಮ ಆಣಿ ಎಲ್ಲಾ ತೀರಿ ಹೋದುವು. ಇನ್ನ ಮ್ಯಾಲ ಖರೆ ಇರಲಿ ಸುಳ್ಳ ಇರಲಿ, ನೀವು ಯಾವುದರ ಮ್ಯಾಲೂ ಕೈ ಇಡಬ್ಯಾಡ್ರಿ. ಕೂಸಿನ ಮ್ಯಾಲ ಬ್ಯಾಡ, ದೇವರ ಮ್ಯಾಲ ಬ್ಯಾಡ. ಗುಳಿಗಿ ನುಂಗ್ರಿ, ಸುಮ್ಮನಿರ್ರಿ."

ಅವರು ನನ್ನ ಮುಖ ನೋಡಿದರು. ಹೊಡೆಸಿಕೊಂಡವರ ಹಾಗೆ ಮುಖ ಸಣ್ಣಗಾಯಿತು. ನಿಧಾನಕ್ಕೆ ಕೈಯನ್ನು ಬಿಡಿಸಿಕೊಂಡು ಅಂಗಿಯ ಕಿಸೆಯೊಳಗೆ ಇಟ್ಟುಕೊಂಡರು. "ಆತು" ಅಂದರು, ಅಷ್ಟೇ.

ಕುಡಿತ ಬಿಡಿಸುವುದು ಅಂದರೆ ಗುಳಿಗೆ ನುಂಗಿಸಿದರೆ ಆಯಿತು ಅಂತ ಯಾರಾದರೂ ತಿಳಿದಿದ್ದರೆ ಅವರು ನಮ್ಮ ಮನೆಯಲ್ಲಿ ಆ ಮೊದಲ ದಿನಗಳನ್ನು ಕಳೆಯಬೇಕಿತ್ತು. ಕೈ ನಡುಗಿ ಚಹಾದ ಕಪ್ಪು ತುಟಿಗೆ ಹೋಗುತ್ತಿರಲಿಲ್ಲ. ಚಳಿಯಲ್ಲೂ ಅಂಗಿ ಬೆವರಿಗೆ ಒದ್ದೆ. ಉಪ್ಪು ಹೆಚ್ಚಾಯಿತು ಅಂತ ತಾಟು ಎಸೆದರು, ಎಸೆದು ತಾವೇ ಅನ್ನ ಬಳಿಯಲು ಕೂತರು. ಬಾಯಲ್ಲಿ ಸದಾ ತಾಮ್ರದ ರುಚಿ ಅನ್ನುತ್ತಿದ್ದರು. ಕುಡಿದು ಬಂದು ಬಯ್ಯುತ್ತಿದ್ದ ಗಂಡನನ್ನು ಬಯ್ಯಬಹುದಿತ್ತು. ಕುಡಿಯದೆ ಮೂಲೆಯಲ್ಲಿ ನಡುಗುತ್ತ ಕೂತವನನ್ನು ಏನು ಬಯ್ಯುವುದು? ಡಾಕ್ಟರು ಹೇಳಿದ ಕರುಣೆ ನನಗೆ ಬಂದೇ ಬಂತು. ಗುಳಿಗೆ ನನ್ನ ಕೈಯಲ್ಲಿದ್ದಿದ್ದರೆ, ಈ ಒಂದು ದಿನ ಬಿಟ್ಟುಬಿಡ್ರಿ ಅಂತ ಅನ್ನುತ್ತಿದ್ದೆನೋ ಏನೋ.

ಚಾಚಾ ಹಾಗೆ ಅನ್ನುವ ಪೈಕಿ ಅಲ್ಲ. ಅವರ ಅಂಗಳದಲ್ಲಿ ಹೊರಸಿನ ಮೇಲೆ ಮುರಿದ ಕಾಲು ಚಾಚಿಕೊಂಡು ಕೂತಿರುತ್ತಿದ್ದರು. ಒಂದು ಹಿತ್ತಾಳೆ ಲೋಟಕ್ಕೆ ನೀರು ಹಾಕಿ, ಗುಳಿಗೆ ಪುಡಿ ಮಾಡಿ, ಬೆರಳಿಂದ ಕಲಕಿ, ಬಿಸ್ಮಿಲ್ಲಾ ಅಂದು ಕೊಡುತ್ತಿದ್ದರು. ಇವರು ಕುಡಿದ ಮೇಲೆ "ಬಾಯಿ ತೆರಿ" ಅನ್ನುವರು. ಇವರು ಸಾಲಿ ಹುಡುಗನ ಹಾಗೆ ಬಾಯಿ ತೆರೆದು ತೋರಿಸಬೇಕು. ಆಮೇಲೆಯೇ ಕುದುರೆ. ಕುದುರೆಯೇನು ಇವರನ್ನು ಸುಲಭಕ್ಕೆ ಹತ್ತಿರ ಬಿಟ್ಟುಕೊಂಡಿತೇ? ಕಿವಿ ಹಿಂದಕ್ಕೆ ಮಾಡಿ, ಹಲ್ಲು ಕಿಸಿದು, ಒಮ್ಮೆ ಭುಜ ಕಚ್ಚಿಯೂ ಬಿಟ್ಟಿತು. "ಅದಕ್ಕ ನೆನಪೈತಿ" ಅಂದರು ಚಾಚಾ. ಶುಕ್ರವಾರ ಟಾಂಗಾಕ್ಕೆ ರಜೆ. ಆವತ್ತು ಇವರು ಕುದುರೆಯನ್ನು ಭೂತನಾಳ ಕೆರೆಯ ಕಡೆಗೆ ನಡೆಸಿಕೊಂಡು ಹೋಗಿ, ಮೈ ತಿಕ್ಕಿ ತೊಳೆದು ತರುತ್ತಿದ್ದರು. ಹೀಗೆ ಬಹಳ ಶುಕ್ರವಾರಗಳಾದ ಮೇಲೆ ಅದು ಇವರ ಕೈಯಿಂದ ಹುಲ್ಲು ತಿಂದಿತು. ಆ ದಿನ ಮನೆಗೆ ಬಂದು ಮಗುವಿನ ಹಾಗೆ ಹೇಳಿಕೊಂಡರು.

ಸೊಲ್ಲಾಪುರ ರಸ್ತೆಯಲ್ಲಿ ಹಳೆಯ ಲಾರಿಯವರು ಕಂಡರೆ ಬಿಡುತ್ತಿರಲಿಲ್ಲ. "ಏನಪಾ ಡ್ರೈವರ್, ಗೇರ್ ಹಾಕು, ಹಾರನ್ ಹೊಡಿ" ಅಂತ ಕೂಗುವರು. ಇವರು ತಲೆ ಬಗ್ಗಿಸಿ ಟಾಂಗಾ ಹೊಡೆದುಕೊಂಡು ಹೋಗುವರು. ಮೊದಲಾಗಿದ್ದರೆ ಅಂಥ ಮಾತಿಗೆ ಹೊಡೆದಾಟ, ಹೊಡೆದಾಟದ ಮೇಲೆ ಕುಡಿತ. ಈಗ ಸುಮ್ಮನೆ ಬಂದು ಉಂಡು ಮಲಗುತ್ತಿದ್ದರು. ನನಗೆ ಒಳಗೊಳಗೇ ಆಸೆ ಹುಟ್ಟಿತು. ಹೊರಗೆ ತೋರಿಸಲು ಅಂಜಿಕೆ.

ವರ್ಷ ಮುಗಿಯಲು ಇನ್ನು ಸ್ವಲ್ಪವೇ ದಿನ ಇದ್ದಾಗ, ಒಂದು ಶುಕ್ರವಾರ ತಾಯಿಯನ್ನು ನೋಡಲು ಟಿಕೋಟಾಕ್ಕೆ ಹೋದರು. ಶನಿವಾರ ಮೊದಲ ಬಸ್ಸಿಗೆ ಬಂದವರು ಮನೆಗೆ ಬರದೆ ಸೀದಾ ಚಾಚಾನ ಅಂಗಳಕ್ಕೆ ಹೋಗಿ, ಗುಳಿಗೆ ಕುಡಿದು, ಟಾಂಗಾ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದರಂತೆ. ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಇನ್ನೊಬ್ಬ ಟಾಂಗಾದವನು ಬಾಗಿಲಿಗೆ ಬಂದು, "ಲಗೂನ ಬರ್ರಿ ಯಕ್ಕಾ, ನಿಮ್ಮವರು ಕುಡದು ಬಿದ್ದಾರ" ಅಂದ.

ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಕೆಳಗೆ ಬಿದ್ದಿದ್ದರು. ಮುಖ, ಕುತ್ತಿಗೆ, ಎದೆ ಎಲ್ಲ ಕೆಂಪು. ಉಸಿರು ಎಳೆದೆಳೆದು ಬಿಡುತ್ತಿದ್ದರು, ಮೈಮೇಲೆಲ್ಲ ವಾಂತಿ. ಡಾಕ್ಟರು ಹೇಳಿದ ಒಂದೊಂದು ಲಕ್ಷಣವೂ ಅಲ್ಲಿತ್ತು. ಸುತ್ತ ಜನ. ಕುದುರೆಯ ಹುಲ್ಲಿನ ಚೀಲದೊಳಗೆ ಅರ್ಧ ಖಾಲಿಯಾದ ಬಾಟಲಿ ಸಿಕ್ಕಿತ್ತು. ಅದು ಕೈಯಿಂದ ಕೈಗೆ ಹೋಗುತ್ತಿತ್ತು, ಎಲ್ಲರೂ ಮೂಸಿ ನೋಡಿ ತಲೆಯಾಡಿಸುತ್ತಿದ್ದರು. ಪೊಲೀಸಿನವನೂ ಮೂಸಿದ, ಮೂಸಿ ಬಾಟಲಿ ತನ್ನ ಹತ್ತಿರ ಇಟ್ಟುಕೊಂಡ. ಅಷ್ಟು ಜನರ ನಡುವೆ ಧೂಳಿನಲ್ಲಿ ಕೂತುಬಿಟ್ಟೆ.

ದವಾಖಾನೆಗೆ ಒಯ್ದರು. ನಮ್ಮ ಡಾಕ್ಟರು ಊರಲ್ಲಿರಲಿಲ್ಲ, ಕಾಲರಾ ಇಂಜೆಕ್ಷನ್ ಹಾಕಲು ಬಬಲೇಶ್ವರಕ್ಕೆ ಹೋಗಿದ್ದರು. ಇದ್ದ ಕಂಪೌಂಡರು, ಗುಳಿಗೆಯ ಮೇಲೆ ಕುಡಿದಿದ್ದಾನೆ, ಬದುಕಿದ್ದೇ ಹೆಚ್ಚು ಅಂದರು. ಸಂಜೆಯ ಹೊತ್ತಿಗೆ ಇವರು ಎದ್ದು ಕೂರುವಷ್ಟಾದರು. ಅಷ್ಟರಲ್ಲಿ ಸೋಮವಾರದ ಹಾಜರಿ ತೆಗೆದುಕೊಳ್ಳುತ್ತಿದ್ದ ಆ ಅಧಿಕಾರಿಯೂ ಬಂದರು, ಕೋಲೂರಿಕೊಂಡು ಚಾಚಾನೂ ಬಂದರು.

"ನಾ ಕುಡದಿಲ್ರಿ. ನಮ್ಮವ್ವ ಕೊಟ್ಟ ಔಷಧ ಅದು. ರೊಟ್ಟಿ ತಿಂದು ಅದನ್ನ ತಗೊಂಡೆ" ಅಂದರು ಇವರು. ಔಷಧ ಅಂದ ಕೂಡಲೇ ವರಾಂಡದಲ್ಲಿದ್ದವರು ನಕ್ಕರು. ಆಗ ಕುಡುಕರೆಲ್ಲರ ಔಷಧದ ಕಥೆ ಎಲ್ಲರಿಗೂ ಗೊತ್ತಿತ್ತಲ್ಲ.

ಅಧಿಕಾರಿ ಕೆಟ್ಟ ಮನುಷ್ಯರಲ್ಲ, ಇವರನ್ನು ಜೈಲಿಗೆ ಕಳಿಸಲು ಅವರಿಗೂ ಮನಸ್ಸಿರಲಿಲ್ಲ. ಇವರ ಹತ್ತಿರ ಕೂತು ಅಂದರು, "ಸೋಮವಾರ ನಾ ಕೋರ್ಟಿಗೆ ತಿಳಸಬೇಕಾಗತದ. ನಿನಗ ಒಂದು ದಾರಿ ಕೊಡ್ತೀನಿ. ಭಂಡಾರ ಹಿಡದು, ಕುಡದಿಲ್ಲ ಅಂತ ಹೇಳು. ಇಷ್ಟು ಮಂದಿ ಮುಂದ ಹೇಳು. ನಾ ನಂಬತೀನಿ, ಕೋರ್ಟಿಗೂ ಹಂಗ ಹೇಳತೀನಿ."

ಯಾರೋ ಹತ್ತಿರದ ಗುಡಿಗೆ ಓಡಿ ಹೋಗಿ ಎಲೆಯಲ್ಲಿ ಭಂಡಾರ ತಂದು ಇವರ ಮುಂದೆ ಹಿಡಿದರು. ಇವರು ಭಂಡಾರ ನೋಡಿದರು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, "ಇಲ್ರಿ, ನಾ ಆಣಿ ಮಾಡೂದಿಲ್ಲ" ಅಂದರು.

"ಮಾಡೂದಿಲ್ಲಾ?"

"ಇಲ್ರಿ."

ಮುಗಿಯಿತು. ದೇವರಿಗೆ ಅಂಜಿದ ಅಂದರು ಜನ. ಖರೆ ಇದ್ದಿದ್ದರೆ ಯಾಕೆ ಮುಟ್ಟುತ್ತಿರಲಿಲ್ಲ ಅಂದರು. ಅಧಿಕಾರಿ ಉಸಿರು ಬಿಟ್ಟು ಎದ್ದರು. ಚಾಚಾ ಮುಖ ಗೋಡೆಯ ಕಡೆಗೆ ತಿರುಗಿಸಿದರು. ಆ ಮುದುಕ ಅಳುತ್ತಿದ್ದರು.

ಆದರೆ ಅಲ್ಲಿದ್ದ ಅಷ್ಟು ಜನರಲ್ಲಿ ನನ್ನೊಬ್ಬಳಿಗೇ ಗೊತ್ತಾಯಿತು, ಈ ಮನುಷ್ಯ ಕುಡಿದಿಲ್ಲ. ಕುಡಿದಾಗ ಇವರ ಕೈ ಎಂದೂ ಕಂಕುಳಲ್ಲಿ ಇದ್ದದ್ದಿಲ್ಲ. ಕೂಗಿಬಿಟ್ಟೆ.

"ಸಾಹೇಬ್ರ, ಇವರು ಕುಡದಿಲ್ಲ!"

"ನಿನಗ ಹ್ಯಾಂಗ ಗೊತ್ತವ್ವಾ?"

"ಕುಡದಿದ್ರ ಇಷ್ಟೊತ್ತಿಗಿ ಆ ಭಂಡಾರ ಹಣಿಗಿ ಬಡಕೊಂಡು, ಬಾಯಾಗ ಹಾಕ್ಕೊಂಡು ಆಣಿ ಮಾಡಿರತಿದ್ರು. ನಾ ಬ್ಯಾಡ ಅಂದೀನಿ ಅಂತ ಮಾಡವಲ್ರು!"

ಮತ್ತೆ ನಕ್ಕರು. ಗಂಡನನ್ನು ಉಳಿಸಿಕೊಳ್ಳಲು ಹೆಣ್ಣು ಏನೆಲ್ಲ ಹೇಳುತ್ತಾಳೆ ನೋಡು ಅಂತ ಒಬ್ಬ ಅಂದ. ಅವನ ಮುಖ ನನಗೆ ಈಗಲೂ ನೆನಪಿದೆ, ಈಗಲೂ ಸಿಟ್ಟು ಬರುತ್ತದೆ. ನಾನು ಪೊಲೀಸಿನವನ ಕೈಯಿಂದ ಬಾಟಲಿ ಕೇಳಿ ಮೂಸಿ ನೋಡಿದೆ. ಹುಳಿ, ಸಿಹಿ, ಲವಂಗದ ಒಂದು ಎಳೆ. ಆ ವಾಸನೆಯ ಗುರುತು ನನಗಿತ್ತು. ನಾನು ಬಾಣಂತಿಯಾಗಿದ್ದಾಗ ಅತ್ತೆ ಟಿಕೋಟಾದ ವೈದ್ಯರಿಂದ ಇಂಥದ್ದೇ ಒಂದನ್ನು ತಂದು, ನಡ ಗಟ್ಟಿಯಾಗುತ್ತದೆ ಅಂತ ಕುಡಿಸಿದ್ದರು. ಕುಡಿದರೆ ಗಂಟಲಿಂದ ಹೊಟ್ಟೆಯವರೆಗೆ ಬಿಸಿ ಇಳಿದು, ಕಣ್ಣಿಗೆ ಮಂಪರು ಹತ್ತಿ, ಸಿಟ್ಟೆಲ್ಲ ಕರಗಿ ಒಳ್ಳೆಯ ನಿದ್ದೆ ಬರುತ್ತಿತ್ತು. ಆಗ ಔಷಧದ ಗುಣ ಅಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಮಗಳನ್ನು ಚಾಚಿಯ ಹತ್ತಿರ ಬಿಟ್ಟು ಟಿಕೋಟಾದ ಬಸ್ಸು ಹತ್ತಿದೆ. ಅತ್ತೆ ನನ್ನನ್ನು ಕಂಡು ಹಿಗ್ಗಿದರು. ನಾನು ಕೇಳುವ ಮೊದಲೇ ಅವರೇ ಸುರು ಮಾಡಿದರು. "ನನ್ನ ಮಗ ಎಷ್ಟು ಸೊರಗ್ಯಾನ ಯವ್ವಾ, ಎಲುಬು ಎಣಿಸಬೇಕು. ದ್ರಾಕ್ಷಾಸವ ಕೊಟ್ಟ ಕಳಿಸೀನಿ. ವೈದ್ಯರು ಎರಡು ಚಮಚಿ ಅಂದಿದ್ರು, ನಾನ ಲೋಟಾ ತುಂಬ ಕುಡಿ ಅಂದೀನಿ. ಶೆರಿ ಕುಡಿಯೂದು ಬಿಟ್ಟಾನ, ಇದರೆ ಹೊಟ್ಟಿಗಿ ಹತ್ತಲಿ." ನಾನು ನಡೆದದ್ದನ್ನು ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ಅದು ಔಷಧ, ಶೆರೆ ಅಲ್ಲ, ವೈದ್ಯರು ಮಡಿವಂತರು ಅಂತ ಮತ್ತೆ ಮತ್ತೆ ಅಂದರು. ಆಮೇಲೆ ಒಳಗೆ ಹೋಗಿ, ತಮಗೆಂದು ಇಟ್ಟುಕೊಂಡಿದ್ದ ಇನ್ನೊಂದು ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡು, "ನಡಿ, ನಾನೂ ಬರತೀನಿ" ಅಂದರು.

ಡಾಕ್ಟರನ್ನು ಹುಡುಕಿ ಬಬಲೇಶ್ವರಕ್ಕೆ ಅರ್ಧ ದಾರಿ ಚಕ್ಕಡಿಯಲ್ಲಿ, ಉಳಿದದ್ದು ನಡೆದು ಹೋದೆವು. ಅತ್ತೆಗೆ ನಡೆಯಲು ಆಗುತ್ತಿರಲಿಲ್ಲ, ಕೂಡ್ರಿ ಅಂದರೆ ಕೂರಲೂ ಇಲ್ಲ. ತವರುಮನೆಯ ಓಣಿ ದಾಟಿ ಹೋದೆ, ಒಳಗೆ ಇಣುಕಲಿಲ್ಲ. ಡಾಕ್ಟರು ಸಾಲಿಯ ಕಟ್ಟೆಯ ಮೇಲೆ ಜನರಿಗೆ ಇಂಜೆಕ್ಷನ್ ಹಾಕುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿ ಕೈ ತೊಳೆದುಕೊಂಡು ಬಂದರು. ಬಾಟಲಿ ಮೂಸಿದರು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡರು, ಕಟ್ಟೆಯ ಮೇಲೆ ಕೂತರು.

"ಇದರಾಗ ಅದ. ದ್ರಾಕ್ಷಿ ಬೆಲ್ಲ ಕೊಳಿಸಿ ಹುದುಗು ಬರಿಸಿ ಮಾಡತಾರ. ಹುದುಗು ಬಂತಂದ್ರ ಮದ್ಯ ತಾನಾಗೇ ಹುಟ್ಟತದ. ಬ್ಯಾರೇವ್ರಿಗೆ ಎರಡು ಚಮಚಾ ಏನೂ ಮಾಡೂದಿಲ್ಲ. ಆ ಗುಳಿಗಿ ಮ್ಯಾಲ, ಅದೂ ಲೋಟಾ ತುಂಬ..." ತಲೆಯಾಡಿಸಿದರು. "ನಾ ಶೆರೆ ಅಂತ ಅಷ್ಟ ಹೇಳಿದ್ದೆ. ಆಸವ ಅರಿಷ್ಟದಂಥ ಔಷಧಾನೂ ಬ್ಯಾಡ ಅಂತ ಹೇಳಬೇಕಾಗಿತ್ತು."

"ಯಪ್ಪಾ, ಹಂಗಾರ ನನ್ನ ಕೈಲೆ ನಾನ ಮಗಗ ಶೆರಿ ಕುಡಿಸಿದ್ನ್ಯಾ?" ಅಂದರು ಅತ್ತೆ. ಕುಡಿತದಿಂದ ಗಂಡನನ್ನು ಕಳೆದುಕೊಂಡಿದ್ದ ಹೆಂಗಸು ಅವರು. ಬಾಟಲಿ ಹಿಡಿದಿದ್ದ ಕೈಗಳನ್ನು ಸೀರೆಗೆ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ನಾನೇ ಆ ಕೈಗಳನ್ನು ಹಿಡಿದು ನಿಲ್ಲಿಸಬೇಕಾಯಿತು.

ಸೋಮವಾರ ಡಾಕ್ಟರು ತಾವೇ ಅಧಿಕಾರಿಯ ಕೋಣೆಗೆ ಬಂದು ಎಲ್ಲ ತಿಳಿಸಿ ಹೇಳಿದರು. ಅತ್ತೆ ಬಾಗಿಲಲ್ಲೇ ನಿಂತು, ಜೈಲಿಗೆ ಹಾಕುವುದಿದ್ದರೆ ನನ್ನನ್ನು ಹಾಕ್ರಿ ಅಂದರು. ಅಧಿಕಾರಿ ಅವರನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟರು. ಕೋರ್ಟಿಗೆ ತಿಳಿಸುವಂಥದ್ದು ಏನೂ ನಡೆದಿಲ್ಲ ಅಂದರು. ಆಮೇಲೆ ಇವರ ಕಡೆ ತಿರುಗಿದರು.

"ಅಲ್ಲೋ, ಕುಡದಿದ್ದಿಲ್ಲ ಅಂದ ಮ್ಯಾಲ ಭಂಡಾರ ಹಿಡೀಲಿಕ್ಕೆ ಏನಾಗಿತ್ತು? ಅವತ್ತ ನಂಬತಿದ್ದೆ. ಈ ಹೆಣ್ಣಮಕ್ಕಳು ಇಷ್ಟು ತಿರುಗೂ ಪ್ರಸಂಗ ಬರತಿದ್ದಿಲ್ಲ."

ಇವರು ನೆಲ ನೋಡುತ್ತ ಅಂದರು, "ಸುಳ್ಳ ಇದ್ದಾಗೆಲ್ಲ ಭಂಡಾರ ಹಿಡದೀನ್ರಿ ಸಾಹೇಬ್ರ. ಖರೆ ಇದ್ದಾಗರೆ ಬ್ಯಾಡ ಅನಿಸ್ತು."

ನಮ್ಮ ಜೊತೆ ಬಂದಿದ್ದ ಚಾಚಾ ಕೋಲು ಊರಿಕೊಂಡು ಹತ್ತಿರ ಬಂದು, "ಮಾಫ್ ಮಾಡು ತಮ್ಮಾ, ನಾನೂ ನಂಬಲಿಲ್ಲ" ಅಂದರು. ಇವರು ಅವರ ಕೈ ಹಿಡಿದುಕೊಂಡು, "ನಿನ್ನ ಜಾಗಾದಾಗ ನಾ ಇದ್ದಿದ್ರ ನಾನೂ ನಂಬತಿದ್ದಿಲ್ಲ ಚಾಚಾ" ಅಂದರು.

ವರ್ಷ ಮುಗಿಯಿತು. ಚಾಚಾ ಕುಂಟುತ್ತಲೇ ಮತ್ತೆ ಟಾಂಗಾ ಹತ್ತಿದರು. ಇವರಿಗೆ ಲೈಸೆನ್ಸು ಮರಳಿ ಬಂತು, ವ್ಯಾಪಾರಿ ಮತ್ತೆ ಲಾರಿ ಕೊಟ್ಟ. ಲಾರಿ ಹತ್ತುವ ಮೊದಲ ದಿನ ಬೆಳಿಗ್ಗೆ ನಾನು ಇವರ ಹಿಂದೆಯೇ ಹೋದೆ, ಅಂಜಿಕೆ ಹೋಗಿರಲಿಲ್ಲ. ಇವರು ಸೊಲ್ಲಾಪುರ ರಸ್ತೆಗೆ ಹೋಗದೆ ಚಾಚಾನ ಅಂಗಳಕ್ಕೆ ಹೋಗಿ ನಿಂತರು.

"ಯಾಕೋ?" ಅಂದರು ಚಾಚಾ. "ಕೋರ್ಟಿಂದು ಮುಗೀತಲ್ಲ, ಗುಳಿಗಿನೂ ಮುಗದಾವು."

"ನೀರರೆ ಕೊಡು" ಅಂದರು ಇವರು.

ಚಾಚಾ ಇವರನ್ನು ನೋಡಿದರು. ಹಿತ್ತಾಳೆ ಲೋಟಕ್ಕೆ ನೀರು ಹಾಕಿ, ಒಳಗೆ ಏನೂ ಇಲ್ಲದಿದ್ದರೂ ಬೆರಳಿಂದ ಕಲಕಿ, ಬಿಸ್ಮಿಲ್ಲಾ ಅಂದು ಕೊಟ್ಟರು. ಇವರು ಕುಡಿದರು. "ಬಾಯಿ ತೆರಿ" ಅಂದರು ಚಾಚಾ. ತೆರೆದು ತೋರಿಸಿ ಲಾರಿಗೆ ಹೋದರು.

ಊರಲ್ಲಿದ್ದಾಗಲೆಲ್ಲ ಬೆಳಿಗ್ಗೆ ಆ ಅಂಗಳಕ್ಕೆ ಹೋಗಿಯೇ ಲಾರಿ ಹತ್ತುತ್ತಿದ್ದರು. ಮತ್ತೆ ಕುಡಿಯಲಿಲ್ಲವೇ ಅಂತ ಕೇಳುವವರಿದ್ದಾರೆ. ನನ್ನ ಕಣ್ಣಿಗೆ ಕಂಡದ್ದಿಲ್ಲ, ಮೂಗಿಗೆ ಬಂದದ್ದಿಲ್ಲ. ಆಣೆ ಮಾಡಿ ಹೇಳು ಅಂದರೆ ನಾನೂ ಮಾಡುವುದಿಲ್ಲ.

ಕೆಲವು ವರ್ಷ ಕಳೆದು ಒಂದು ಚಳಿಗಾಲ ಚಾಚಾ ತೀರಿಕೊಂಡರು. ಇವರೂ ಹೆಗಲು ಕೊಟ್ಟು ಬಂದರು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಚಾಚಾನ ಹಿತ್ತಾಳೆ ಲೋಟ, ಚಾಚಿಯನ್ನು ಕೇಳಿ ತಂದಿದ್ದರಂತೆ. ಲೋಟ ನನ್ನ ಮುಂದೆ ಹಿಡಿದರು. ಹಿಟ್ಟಿನ ಕೈ ತೊಳೆದುಕೊಂಡು ನೀರು ತುಂಬಿದೆ. ಬೆರಳಿಂದ ಕಲಕಿ ಕೊಟ್ಟೆ. ಇವರು ಕುಡಿದು, ಲೋಟ ಕೆಳಗಿಟ್ಟು, ನಾನು ಹೇಳುವ ಮೊದಲೇ ನನ್ನ ಎದುರಿಗೆ ಬಾಯಿ ತೆರೆದರು.